ಖಾತುನಬಿಯ ಆಂಪ್ಲಿಫೈಯರ್‌ಗೆ ಹೊದಿಕೆಯಿಲ್ಲ

ಖಾತುನಬಿ ಯಾರ ಮನೆಗೆ ಹೋದರೂ ಕೂಡುವ ಮೊದಲು ಟಿ.ವಿ.ಯ ಹತ್ತಿರ ಹೋಗಿ ಅದರ ನೆತ್ತಿಯ ಮೇಲೆ ಅಂಗೈ ಇಡುತ್ತಾಳೆ. ಪಕ್ಕದಲ್ಲಿ ಟೇಪು, ಡಿವಿಡಿ, ಆಂಪ್ಲಿಫೈಯರ್ ಏನಿದ್ದರೂ ಅದರ ಮೇಲೂ ಇಡುತ್ತಾಳೆ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡಿದ ಹಾಗೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಈಗ ಇದಕ್ಕೆ ಯಾರೂ ನಗುವುದಿಲ್ಲ. ಮೊದಮೊದಲು ನಕ್ಕಿದ್ದರು.

ಆಕೆ ಹುಟ್ಟಿದ್ದು ಜಕ್ಕಲಿಯಲ್ಲಿ. ತಂದೆ ಎತ್ತುಗಳ ಮೈಮೇಲೆ ಹೊದಿಸುವ ಬಣ್ಣದ ಝೂಲ ಹೊಲಿಯುತ್ತಿದ್ದ. ಕನ್ನಡಿ ಚೂರು, ಜರಿ, ಗೊಂಡೆ ಕೂಡಿಸುವುದನ್ನು ಅವಳು ಅವನ ಪಕ್ಕದಲ್ಲಿ ಕೂತೇ ಕಲಿತಳು. ಶಾಲೆ ಎರಡನೆಯ ಇಯತ್ತೆಗೆ ನಿಂತಿತು. ಮದುವೆಯಾಗಿ ನಮ್ಮ ಓಣಿಗೆ ಬಂದಾಗ ಅವಳಿಗೆ ಹದಿನೇಳು ವರ್ಷ. ಎತ್ತುಗಳು ಕಡಿಮೆಯಾಗಿ ಮನೆಮನೆಗೆ ಟಿ.ವಿ. ಬಂದ ಕಾಲಕ್ಕೆ ಅವಳು ಝೂಲ ಬಿಟ್ಟು ಟಿ.ವಿ.ಯ ಹೊದಿಕೆ ಹೊಲಿಯತೊಡಗಿದಳು. ಮಖಮಲ್ಲಿನ ಬಟ್ಟೆ, ಅಂಚಿಗೆ ಜರಿ, ನಡುವೆ ನವಿಲು ಇಲ್ಲವೆ ತಾವರೆ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಮನೆಯವರು ಪಾತ್ರೆ, ಮಂಚದ ಜೊತೆಗೆ ಇಂಥ ಹೊದಿಕೆಗಳನ್ನೂ ಕಳಿಸುತ್ತಾರೆ. ಟಿ.ವಿ.ಗೊಂದು, ಟೇಪಿಗೊಂದು, ಮಿಕ್ಸರಿಗೊಂದು. ಹಿಂದೂ ಮನೆಯಿರಲಿ, ಮುಸಲ್ಮಾನರ ಮನೆಯಿರಲಿ, ಮದುವೆ ಗೊತ್ತಾದರೆ ತಾಯಂದಿರು ಖಾತುನಬಿಯ ಬಾಗಿಲಿಗೆ ಬರುತ್ತಿದ್ದರು. ಕಪ್ಪು ಮಣ್ಣಿನ ಧೂಳು ನಮ್ಮಲ್ಲಿ ಯಾವುದನ್ನೂ ಬಿಡುವುದಿಲ್ಲ. ಹೊದಿಕೆ ಶೋಕಿಯೂ ಹೌದು, ಅಗತ್ಯವೂ ಹೌದು ಎಂದು ಎಲ್ಲರೂ ತಿಳಿದಿದ್ದೆವು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಅವಳ ಗಂಡ ಯಮನೂರಸಾಬನ ಕಿವಿ ಹೋದದ್ದು ನನಗೂ ಗೊತ್ತಾಗುತ್ತ ಬಂತು. ಇಪ್ಪತ್ತಾರು ವರ್ಷ ಕರೆಂಟಿನ ಮಗ್ಗಗಳ ನಡುವೆ ನಿಂತವನು. ಮೊದಲು ಗೋಡೆಯಾಚೆ ಖಾತುನಬಿಯ ದನಿ ಏರಿತು. ಆಮೇಲೆ ಅವಳು ಒಂದೇ ಮಾತನ್ನು ಮೂರು ಸಲ ಹೇಳತೊಡಗಿದಳು. ಕಡೆಗೆ ಆ ಮನೆಯಲ್ಲಿ ಮಾತೇ ನಿಂತಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕಿವಿಗೆ ಹಾಕಿಕೊಳ್ಳುವ ಮಷೀನು ಕೊಟ್ಟಿದ್ದರು. ಅದು ಸಿಳ್ಳೆ ಹೊಡೆಯುತ್ತದೆ, ತಲೆ ಸಿಡಿಯುತ್ತದೆ ಎಂದು ಅವನು ಅದನ್ನು ಕುರಾನಿನ ಪಕ್ಕದ ಗೂಡಿನಲ್ಲಿಟ್ಟು ಮರೆತ. ಕೇಳಿಸದವರು ಜೋರಾಗಿ ಮಾತಾಡುವುದನ್ನು ನೋಡಿದ್ದೇನೆ. ಇವನು ಹಾಗಲ್ಲ. ತನಗೆ ಕೇಳಿಸದ ದನಿಯನ್ನು ಬೇರೆಯವರಿಗೆ ಯಾಕೆ ಕೇಳಿಸಬೇಕು ಎನ್ನುವಂತೆ ಬಾಯಿ ಮುಚ್ಚಿಕೊಂಡ. ಕಟ್ಟೆಗೆ ಬರುವುದನ್ನು ಬಿಟ್ಟ. ಮಸೀದಿಗೆ ಹೋದರೆ ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಿದ್ದ.

ಮಗಳು ಹೀನಾಳನ್ನು ನರಗುಂದಕ್ಕೆ ಕೊಟ್ಟಿದ್ದರು. ಅಲ್ಲಿ ಅಳಿಯ ಸಾಜೀದನ ಮನೆಯಲ್ಲಿ ಐದು ಸ್ಪೀಕರಿನ ಹೋಂ ಥಿಯೇಟರ್ ಇತ್ತು. ಒಂದು ರಂಜಾನಿನ ಮರುದಿನ ಅದರಲ್ಲಿ ಹಳೆಯ ಕಂಪನಿ ನಾಟಕದ ಸಿ.ಡಿ. ಹಾಕಿದ್ದರು. ಐದರಲ್ಲಿ ನಡುವಿನ ಸ್ಪೀಕರಿನಿಂದ ಬರೀ ಮಾತು ಬರುತ್ತದೆ. ಸಂಗೀತ, ಚಪ್ಪಾಳೆ, ಗದ್ದಲವೆಲ್ಲ ಉಳಿದವುಗಳಿಂದ. ಯಮನೂರಸಾಬ ಆ ನಡುವಿನ ಸ್ಪೀಕರಿನ ಮುಂದೆಯೇ ಕೂತಿದ್ದ. ಕೂತವನು ಒಮ್ಮೆಗೇ ನಕ್ಕ. ವಿದೂಷಕನ ಮಾತಿಗೆ, ಸರಿಯಾದ ಹೊತ್ತಿಗೆ, ಎಲ್ಲರ ಜೊತೆ. ಖಾತುನಬಿ ಅಡಿಗೆಮನೆಯಿಂದ ಓಡಿ ಬಂದು ನೋಡಿದಳಂತೆ.

ಮುಂದಿನ ಸಂತೆಯ ದಿನ ಟೆಂಪೋದಲ್ಲಿ ಮಾರಲು ಬಂದವನ ಹತ್ತಿರ ಅವಳು ಒಂದು ಸೆಟ್ಟು ಕೊಂಡಳು. ಮೈತುಂಬ ನೀಲಿ ದೀಪ, ಕೈಯಲ್ಲಿ ಹಿಡಿದರೆ ಖಾಲಿ ಡಬ್ಬಿಯಷ್ಟು ಹಗುರ. ಅದೇ ವಾರ ಅದಕ್ಕೊಂದು ಹೊದಿಕೆ ಹೊಲಿದಳು. ಕೆಂಪು ಮಖಮಲ್, ದಪ್ಪ ಜರಿ, ಎರಡು ನವಿಲು. ಹಚ್ಚುವಾಗ ಮುಂದಿನ ಸೆರಗನ್ನಷ್ಟೇ ಮೇಲೆತ್ತುತ್ತಿದ್ದರು. ಆರು ತಿಂಗಳು ಗೋಡೆಯಾಚೆಯಿಂದ ನಾಟಕದ ಮಾತುಗಳು ನನಗೂ ಬಾಯಿಪಾಠವಾದವು. ಅವನು ಮತ್ತೆ ಮಾತಾಡತೊಡಗಿದ್ದ. ನನ್ನನ್ನು ಕಂಡರೆ ವಿದೂಷಕನ ಹಾಗೆ ಕೈ ಮುಗಿದು, ಕಳಕವ್ವಾ, ಇವತ್ತ ಯಾವ ದೇವರ ಉಪವಾಸ, ಎಂದು ಕೇಳುತ್ತಿದ್ದ.

ಎರಡು ಸಾವಿರದ ಐದರ ಬೇಸಿಗೆಯ ಒಂದು ಮಧ್ಯಾಹ್ನ. ನಾನು ಹಿತ್ತಲಲ್ಲಿ ಹಪ್ಪಳ ಹರವುತ್ತಿದ್ದೆ. ಸುಟ್ಟ ರಬ್ಬರಿನ ವಾಸನೆ ಬಂತು. ಹಿಂದೆಯೇ ಖಾತುನಬಿ ಕಿರುಚಿದಳು. ಅಂಥ ಕಿರುಚನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಓಡಿ ಹೋಗುವಷ್ಟರಲ್ಲಿ ಅವರ ಪಡಸಾಲೆ ಹೊಗೆಯಿಂದ ತುಂಬಿತ್ತು. ಹೊದಿಕೆಗೆ ಉರಿ ಹತ್ತಿ, ಮಖಮಲ್ಲು ಕರಗಿ ತೊಟ್ಟುತೊಟ್ಟಾಗಿ ಬೀಳುತ್ತಿತ್ತು. ಅದರಿಂದ ನಾಲ್ಕು ಮೊಳ ದೂರದಲ್ಲಿ ಯಮನೂರಸಾಬ ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ ಕೂತಿದ್ದ. ಊಟದ ಮೇಲಿನ ಜೊಂಪು. ಹೆಂಡತಿ ಬಾಗಿಲಲ್ಲಿ ನಿಂತು ಅವನ ಹೆಸರು ಹಿಡಿದು ಕೂಗುತ್ತಿದ್ದಳು. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವಳು ಅವತ್ತು ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಅವನ ರೆಪ್ಪೆ ಕೂಡ ಅಲುಗಲಿಲ್ಲ.

ಅವಳು ಒಳಗೆ ನುಗ್ಗಿ ಅವನನ್ನು ಎಳೆದಳು. ಎದುರುಮನೆಯವರು ಬಂದು ಮೇನ್ ಸ್ವಿಚ್ ಕೆಡವಿದರು. ನಾನು ಕೈಗೆ ಸಿಕ್ಕ ಕೌದಿಯನ್ನು ಕೊಡದ ನೀರಲ್ಲಿ ಅದ್ದಿ ಉರಿಯ ಮೇಲೆ ಒಗೆದೆ. ಇಟಗಿಯ ದೇವಿ ಭೀಮವ್ವನ ಹೆಸರು ನನ್ನ ಬಾಯಲ್ಲಿತ್ತು. ಅವನ ಎಡತೋಳಿನ ಕೂದಲು ಸುಟ್ಟಿದ್ದು ಬಿಟ್ಟರೆ ಬೇರೆ ಏನೂ ಆಗಲಿಲ್ಲ. ಆಂಪ್ಲಿ ಸುಟ್ಟರೂ ಸ್ಪೀಕರುಗಳು ಉಳಿದವು. ಆದರೆ ಗೋಡೆಯ ಮೇಲೆ ಆಳೆತ್ತರದ ಕಪ್ಪು ಕಲೆ ಉಳಿಯಿತು.

ಅಂದಿನಿಂದ ಖಾತುನಬಿಗೆ ಭಯ ಹತ್ತಿತು. ಬಾವಿಗೆ, ಅಂಗಡಿಗೆ, ಎಲ್ಲಿಗೆ ಹೋದರೂ ಅರ್ಧ ದಾರಿಯಲ್ಲಿ ತಿರುಗಿ ಬರುತ್ತಿದ್ದಳು. ಒಲೆ ಆರಿಸಿ, ಆರಿಸಿದ ಒಲೆಯನ್ನು ಮತ್ತೆ ಬಂದು ನೋಡುತ್ತಿದ್ದಳು. ಹೊಲಿಗೆಯ ಮಷೀನಿನ ಮೇಲಿನ ಬಲ್ಬು ಹಚ್ಚಲು ಅಂಜಿ ಬಾಗಿಲ ಬೆಳಕಿಗೆ ಕೂತು ಹೊಲಿದಳು. ನನ್ನ ಹತ್ತಿರ ಕೂತಾಗ ಅವಳು ಹೇಳಿದ್ದು ಒಂದೇ ಮಾತು.

“ನಾ ಕೂಗಿದ್ದು ಅವರಿಗೆ ಕೇಳ್ಲಿಲ್ಲಲ್ಲ ಅಕ್ಕಾ. ಮುಂದ ನಾ ಮನ್ಯಾಗ ಇರಲಿಲ್ಲಂದ್ರ ಹ್ಯಾಂಗ?”

ಅತ್ತ ಯಮನೂರಸಾಬ ಮತ್ತೆ ಮೊದಲಿನ ಹಾಗಾದ. ಕೂಡುವುದು ಅದೇ ಜಾಗದಲ್ಲಿ, ನೋಡುವುದು ಅದೇ ಕಪ್ಪು ಕಲೆಯನ್ನು. ಊಟವೂ ಕಡಿಮೆಯಾಯಿತು. ಇನ್ನೊಂದು ಸೆಟ್ಟು ತಂದರೆ ಸುಟ್ಟುಹೋದಾನು, ತರದಿದ್ದರೆ ಹೀಗೇ ಕೂತು ಕರಗಿಹೋದಾನು. ಈ ಎರಡರ ನಡುವೆ ಅವಳು ಎರಡು ತಿಂಗಳು ಕಳೆದಳು. ಅವಳ ಕೈಯಲ್ಲಿದ್ದ ದುಡ್ಡು ಒಂದು ಸಲ ಕೊಳ್ಳುವುದಕ್ಕಾಗುತ್ತಿತ್ತು, ಎರಡು ಸಲಕ್ಕಲ್ಲ. ಕಡೆಗೆ ಒಂದು ದಿನ, ಸುಡದ ಒಂದು ಆಂಪ್ಲಿ ಹುಡುಕಬೇಕು, ಜೊತೆಗೆ ಬಾ, ಎಂದು ನನ್ನನ್ನು ಕರೆದಳು.

ಮೊದಲು ನರಗುಂದಕ್ಕೆ ಹೋದೆವು. ಸಾಜೀದ ದೊಡ್ಡ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ಗೋಡೆತುಂಬ ಸೆಟ್ಟುಗಳು, ಎಲ್ಲದರ ಮೈಯಲ್ಲೂ ದೀಪ. ಮಾರುವವನು ವ್ಯಾಟು ಎಷ್ಟು, ರಿಮೋಟಿನಲ್ಲಿ ಗುಂಡಿ ಎಷ್ಟು ಎಂದು ಹೇಳುತ್ತ ಹೋದ. ಖಾತುನಬಿ ಎಲ್ಲವನ್ನೂ ಕೇಳಿ, ಇದು ಕೆಡುವಾಗ ಹೇಗೆ ಕೆಡುತ್ತದೆ ಎಂದು ಕೇಳಿದಳು. ಅವನು ಸಾಜೀದನ ಮುಖ ನೋಡಿ ನಕ್ಕ. ಇನ್ನೂ ಕೊಂಡೇ ಇಲ್ಲ, ಕೆಡುವ ಮಾತೇಕೆ ಎಂದ. ಒಂದು ವರ್ಷದ ಗ್ಯಾರಂಟಿ ಎಂದ. ವರ್ಷದ ಮರುದಿನ ಏನು ಎಂದು ಅವಳು ಕೇಳಿದಾಗ ಅವನು ಪಕ್ಕದ ಸೆಟ್ಟಿನ ಬೆಲೆ ಹೇಳತೊಡಗಿದ. ಅಷ್ಟರಲ್ಲಿ ಯಾರೋ ಒಂದು ಸೆಟ್ಟನ್ನು ಜೋರಾಗಿ ಹಚ್ಚಿದರು. ನೀಲಿ ದೀಪಗಳು ಕುಣಿದವು. ಖಾತುನಬಿ ನನ್ನ ಮುಂಗೈ ಹಿಡಿದುಕೊಂಡಳು. ಏನೂ ಕೊಳ್ಳದೆ ಬಸ್ಸು ಹತ್ತಿದೆವು.

ದಾರಿಯಲ್ಲಿ ನನ್ನ ತವರಿನ ಕಡೆಯ ದ್ಯಾಮಪ್ಪನ ನೆನಪು ಬಂತು. ರೋಣದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು. ಮದುವೆಯ ಮೈಕಿನವರೆಲ್ಲ ತಮ್ಮ ಆಂಪ್ಲಿಗಳನ್ನು ಅವನಿಂದಲೇ ಕಟ್ಟಿಸಿಕೊಳ್ಳುತ್ತಿದ್ದರು. ಮುಂದಿನ ವಾರ ಸುಟ್ಟ ಸೆಟ್ಟನ್ನು ಗೋಣಿಚೀಲದಲ್ಲಿ ಕಟ್ಟಿ ಹೊತ್ತುಕೊಂಡು ಹೋದೆವು. ಅದನ್ನು ಮುಟ್ಟಲು ಖಾತುನಬಿಗೆ ಧೈರ್ಯವಿರಲಿಲ್ಲ. ಚೀಲ ನಾನು ಹಿಡಿದೆ.

ದ್ಯಾಮಪ್ಪನಿಗೆ ಅರವತ್ತು ದಾಟಿತ್ತು. ಅಂಗಡಿಯಲ್ಲಿ ಒಬ್ಬನೇ. ಚೀಲ ಬಿಚ್ಚಿ, ಕನ್ನಡಕ ಏರಿಸಿ, ಕರಕಾದ ಪೆಟ್ಟಿಗೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದ. ಖಾತುನಬಿ, ಯಾವ ಕಂಪನಿಯದು ಚಲೋ ಅಣ್ಣಾರ, ಅದೊಂದು ಹೇಳ್ರಿ ಸಾಕು, ಎಂದಳು.

“ಕಂಪನಿ ಆಮ್ಯಾಲೆ. ಇದರ ಮ್ಯಾಲೆ ಏನ್ ಹಾಕಿದ್ರಿ ತಂಗೀ?”

“ಏನೂ ಇಲ್ರಿ. ಧೂಳ ಕೂಡಬಾರದಂತ ಒಂದ ಕವರ್.”

ಅವನು ಚಿಮಟಿಗೆಯಿಂದ ಪೆಟ್ಟಿಗೆಯ ಮೇಲಿನ ತೂತುಗಳೊಳಗಿಂದ ಏನನ್ನೋ ಎಳೆದು ಅವಳ ಅಂಗೈ ಮೇಲಿಟ್ಟ. ಕಪ್ಪಗೆ ಸುರುಟಿಕೊಂಡ ಎಳೆ. ಉಗುರಿನಿಂದ ಕೆರೆದಾಗ ಒಳಗೆ ಹಳದಿ ಮಿಂಚಿತು. ಅವಳದೇ ಜರಿ.

“ಇದು ಉಸಿರಾಡೋ ವಸ್ತಾ. ಈ ತೂತು ಇದರ ಮೂಗು. ಮೂಗ ಕಟ್ಟಿ ಹೊಡದ್ರ ಎತ್ತಾದ್ರೂ ಎಷ್ಟ ದೂರ ನಡದೀತು?”

ಝೂಲ ಹೊಲಿಯುವವನ ಮಗಳಿಗೆ ಅದನ್ನು ಎರಡನೆಯ ಸಲ ಹೇಳಬೇಕಿರಲಿಲ್ಲ. ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ದ್ಯಾಮಪ್ಪ ಪೆಟ್ಟಿಗೆಯ ಹಿಂಭಾಗ ತೋರಿಸಿದ. ಅಲ್ಲಿ ಗಾಜಿನ ಫ್ಯೂಜ್ ಇರಬೇಕಿತ್ತಂತೆ. ಬಿಸಿಯಾದಾಗೆಲ್ಲ ಅದು ಹೋಗಿರಬೇಕು, ಬೇಸತ್ತು ಯಾರೋ ಅಲ್ಲಿ ವಾಯರಿನ ಎಳೆ ಸುತ್ತಿದ್ದರು.

“ಫ್ಯೂಜ್ ಇರೂದು ತಾ ಸತ್ತು ಮನಿ ಉಳಸಾಕ. ಅದನ್ನ ಸಾಯಾಕ ಬಿಡಲಿಲ್ಲಂದ್ರ ಮತ್ಯಾರ್ ಉಳಸಬೇಕ್ರಿ?”

ಆ ಮನೆಯಲ್ಲಿ ವಾಯರು ಮುಟ್ಟುವ ಕೈ ಒಂದೇ, ಯಮನೂರಸಾಬನದು. ಖಾತುನಬಿ ಆಂಪ್ಲಿಯ ಮಾತನ್ನೂ ಆಡದೆ ಎದ್ದಳು. ಬಸ್ಸಿನಲ್ಲಿ ಅವಳ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಎಂದುಕೊಂಡು ಸುಮ್ಮನಿದ್ದೆ. ಕಿವಿ ಹತ್ತಿರ ತಂದಾಗ ಅವಳು ಮನೆಗಳ ಹೆಸರು ಹೇಳುತ್ತಿದ್ದುದು ಕೇಳಿಸಿತು. ತನ್ನ ಹೊದಿಕೆ ಹೋಗಿದ್ದ ಮನೆಗಳು. ಶಿರೋಳದ ಒಂದು ಮದುವೆ, ಇಟಗಿಯ ಅಕ್ಕತಂಗಿಯರು, ನಮ್ಮ ಓಣಿಯ ಹದಿಮೂರು ಬಾಗಿಲು. ಹದಿನೈದು ವರ್ಷ ಹೊಲಿದಿದ್ದಳು. ಯಾವ ಮನೆಯಲ್ಲಿ ಈ ಹೊತ್ತಿಗೆ ಹೊಗೆ ಏಳುತ್ತಿದೆಯೋ ಎಂದು ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು.

ಮರುದಿನ ಬೆಳಿಗ್ಗೆಯೇ ಮನೆಮನೆ ಸುತ್ತಲು ಹೊರಟಳು. ಹೊದಿಕೆ ಕೊಡಿರಿ, ದಿಂಬಿನ ಚೀಲ ಮಾಡಿ ತಿರುಗಿ ಕೊಡುತ್ತೇನೆ, ನವಿಲು ಹಾಗೇ ಇರುತ್ತದೆ ಎಂದು ಕೇಳಿಕೊಂಡಳು. ಕೆಲವರು ಕೊಟ್ಟರು. ಕೆಲವರು ಅವಳ ತಲೆ ಕೆಟ್ಟಿದೆ ಎಂದರು. ತವರಿನಿಂದ ಬಂದ ಹೊದಿಕೆಯನ್ನು ತೆಗೆದು ಒಯ್ಯುವುದು ಸಣ್ಣ ಮಾತಲ್ಲ. ನಮ್ಮ ಓಣಿಯ ಗಾಳೆವ್ವನ ಮನೆಯಲ್ಲಿ ಸೊಸೆ ಬಂದು ಇನ್ನೂ ಆರು ತಿಂಗಳು. ಗಾಳೆವ್ವ ಬಾಗಿಲಿಗೆ ಅಡ್ಡ ನಿಂತಳು.

“ಕೊಟ್ಟ ವಸ್ತಾ ವಾಪಸ್ ಕೇಳಾಕ ಬಂದೀಯೇನ? ಮಂದಿ ಏನಂದಾರು, ಸೊಸಿ ತವರಮನ್ಯಾಗ ಕೊಟ್ಟದ್ದ ಕಿತಗೊಂಡ ಹೋದ್ರು ಅಂತಾರ.”

“ಕವರ್ ಬಿಡು ಗಾಳೆವ್ವಾ. ನಿನ್ನ ಕೈ ಅಷ್ಟ ಕೊಡು.”

ಟಿ.ವಿ. ಬೆಳಗಿನಿಂದ ಹಚ್ಚಿಯೇ ಇತ್ತು. ಖಾತುನಬಿ ಗಾಳೆವ್ವನ ಅಂಗೈಯನ್ನು ಹೊದಿಕೆಯ ಕೆಳಗೆ ತೂರಿಸಿ ಹಿಡಿದಳು. ಗಾಳೆವ್ವ ಕೈ ಜಗ್ಗಿಕೊಂಡು ಊದಿಕೊಂಡಳು.

“ಅಯ್ಯ, ರೊಟ್ಟಿ ಹಂಚ ಆಗೇತಲ್ಲ. ಹಂಗಾರ ಇದಕ್ಕೂ ಬೀಸಣಿಕಿ ಹಿಡದ ಕುಂದರಲೇನ?”

“ಹಿಡದ್ರೂ ಚಲೋನ. ಮುಚ್ಚಬ್ಯಾಡ ಅಷ್ಟ.”

ಆ ಮನೆಯ ಹೊದಿಕೆ ಬಂದ ಮೇಲೆ ಓಣಿಯ ಉಳಿದವೂ ಬಂದವು. ಗಾಳೆವ್ವನೇ ಮುಂದೆ ನಿಂತು ಬೈದು ತೆಗೆಸಿದಳು. ಶಿರೋಳಕ್ಕೂ ಇಟಗಿಗೂ ನಾವಿಬ್ಬರು ಹೋಗಿ ಬಂದೆವು. ಇಟಗಿಯಲ್ಲಿ ನಾನು ಭೀಮವ್ವನ ಗುಡಿಗೆ ಹೋದಾಗ ಅವಳು ಹೊರಗೆ ಕಟ್ಟೆಯ ಮೇಲೆ ಕೂತು, ನನ್ನ ಪಾಲಿನದೂ ಕೇಳಿಕೊಂಡು ಬಾ ಅಕ್ಕಾ ಎಂದಳು.

ಇಷ್ಟೆಲ್ಲ ಮುಗಿದ ಮೇಲೆ ಮತ್ತೆ ದ್ಯಾಮಪ್ಪನ ಅಂಗಡಿ. ಅವನು ಎರಡು ಆಂಪ್ಲಿ ತೋರಿಸಿದ. ಒಂದು ಯಾರೋ ದುಬೈಯಿಂದ ತಂದು ಮಾರಿದ್ದು. ದನಿ ಬೆಣ್ಣೆಯ ಹಾಗಿತ್ತು, ಬೆಲೆಯೂ ಕೈಗೆಟಕುವಂತಿತ್ತು. ಆದರೆ ಒಳಗಿನ ಒಂದು ಸಣ್ಣ ಭಾಗ ಹೋದರೆ ಹುಬ್ಬಳ್ಳಿಯಲ್ಲೂ ಸಿಗುವುದಿಲ್ಲ ಎಂದು ಅವನೇ ಹೇಳಿದ. ಇನ್ನೊಂದು ಅವನೇ ಕಟ್ಟಿದ್ದು. ಬೂದು ತಗಡಿನ ಪೆಟ್ಟಿಗೆ, ದೀಪ ಒಂದೇ, ಕೆಂಪು. ಎತ್ತಿ ನೋಡಿರಿ ಎಂದ. ಖಾತುನಬಿಗೆ ಒಂದೇ ಕೈಯಲ್ಲಿ ಎತ್ತಲಾಗಲಿಲ್ಲ. ಒಳಗಿನ ಟ್ರಾನ್ಸ್‌ಫಾರ್ಮರಿಗೆ ತಾಮ್ರದ ಸುತ್ತು, ಅದಕ್ಕೇ ಈ ಭಾರ ಎಂದು ಹೇಳಿ, ಬಿಸಿಯನ್ನು ಹೊರಹಾಕುವ ಅಲ್ಯುಮಿನಿಯಮ್ಮಿನ ದಪ್ಪ ರೆಕ್ಕೆಗಳನ್ನೂ ಮೇಲಿನ ಸಾಲುಸಾಲು ತೂತುಗಳನ್ನೂ ತೋರಿಸಿದ. ಮುಂದೆ ಐದು ಗುಂಡಿ. ನಡುವಿನ ಸ್ಪೀಕರಿಗೆ ಬೇರೆಯೇ ಗುಂಡಿ ಇದ್ದುದರಿಂದ ಗದ್ದಲ ಏರಿಸದೆ ಬರೀ ಮಾತನ್ನು ಏರಿಸಬಹುದಿತ್ತು.

“ವ್ಯಾಟ್ ಕಡಿಮಿ ಐತ್ರಿ. ನಿಮ್ಮ ಪಡಸಾಲಿಗೆ ಸಾಕ. ಅರ್ಧಕ್ಕಿಂತ ಮ್ಯಾಲೆ ತಿರುವಬ್ಯಾಡ್ರಿ, ಹತ್ತ ವರ್ಷ ದುಡೀತೈತಿ.”

“ಕೆಟ್ರ ಹ್ಯಾಂಗ ಕೆಡತೈತ್ರಿ?”

ದ್ಯಾಮಪ್ಪ ನಗಲಿಲ್ಲ. ಹಿಂದಿನ ಫ್ಯೂಜ್ ಬಿಚ್ಚಿ ಅವಳ ಕೈಗಿಟ್ಟ. ನಾಲ್ಕು ಅಕ್ಕಿಕಾಳಿನಷ್ಟು ಉದ್ದದ ಗಾಜಿನ ಕೊಳವೆ, ಒಳಗೆ ಕಂಡೂ ಕಾಣದ ತಂತಿ.

“ಮೊದಲ ಇದು ಹೋಗತೈತಿ. ದನಿ ಬಂದ್ ಆಗತೈತಿ, ಅಷ್ಟ. ಬೆಂಕಿ ಬರೂದಿಲ್ಲ.”

ಅಂದು ಹತ್ತು ಗಂಟೆಗೆ ಹಚ್ಚಿದ ಆಂಪ್ಲಿಯನ್ನು ಅವನು ಮೂರು ಗಂಟೆಯವರೆಗೆ ಆರಿಸಲಿಲ್ಲ. ನಾವು ರೊಟ್ಟಿ ಬಿಚ್ಚಿ ಅಲ್ಲೇ ಉಂಡೆವು. ಖಾತುನಬಿ ಗಳಿಗೆಗೊಮ್ಮೆ ಎದ್ದು ಅಂಗೈ ಇಡುವಳು, ಕೂಡುವಳು, ಮತ್ತೆ ಏಳುವಳು. ಬೆಚ್ಚಗಾಯಿತು, ಅದಕ್ಕಿಂತ ಹೆಚ್ಚು ಏರಲಿಲ್ಲ. ಮೂರು ಗಂಟೆಗೆ, ಇದನ್ನೇ ಕೊಡಿರಿ ಎಂದಳು. ದ್ಯಾಮಪ್ಪ ಎರಡು ಹೆಚ್ಚಿನ ಫ್ಯೂಜುಗಳನ್ನು ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಕೊಟ್ಟ.

ಮನೆಯಲ್ಲಿ ಅವರಿಬ್ಬರದು ಉರ್ದು. ಅಂದು ಗಂಡನ ಮುಂದೆ ಕೂತು, ಅವನಿಗೆ ತುಟಿ ಕಾಣುವಂತೆ ನಿಧಾನವಾಗಿ, ಹೊದಿಕೆಯ ವಿಷಯ ಹೇಳಿದಳಂತೆ. ನಾನೇ ಸುಟ್ಟೆ ಎಂದಳಂತೆ. ಅದಕ್ಕೆ ಅವನು, ಮಗ್ಗದ ಮನೆಯಲ್ಲಿ ಫ್ಯೂಜಿಗೆ ಎಳೆ ಸುತ್ತಿ ಸುತ್ತಿ ಅಭ್ಯಾಸವಾಗಿತ್ತು, ವಾಯರು ಸುತ್ತಿದವನು ನಾನು ಎಂದನಂತೆ. ಇದು ಅವಳು ಆಮೇಲೆ ನನಗೆ ಹೇಳಿದ್ದು. ಎರಡು ತಿಂಗಳು ಅವನು ನೋಡುತ್ತ ಕೂತಿದ್ದ ಕಪ್ಪು ಕಲೆಯ ಅರ್ಥ ಆಗ ಅವಳಿಗೆ ತಿಳಿಯಿತು.

ಆಂಪ್ಲಿ ಗೋಡೆಯಿಂದ ಒಂದು ಗೇಣು ದೂರ, ಬರಿಯ ಕಡಪಾ ಕಲ್ಲಿನ ಮೇಲೆ ಕೂತಿತು. ಧೂಳು ಬಿದ್ದರೆ ಆರಿಸಿ, ಪ್ಲಗ್ಗು ಕಿತ್ತು, ಒಣ ಬಟ್ಟೆಯಲ್ಲಿ ಒರೆಸುತ್ತಿದ್ದಳು. ನಾಟಕದ ಮಾತುಗಳು ಗೋಡೆ ದಾಟಿ ಮತ್ತೆ ಬಂದವು. ಅವನು ನಕ್ಕರೆ ನಾನು ಗೋಡೆಯ ಈಚೆ ನಗುತ್ತಿದ್ದೆ. ಅವಳು ಮಾತ್ರ ನಗಲಿಲ್ಲ. ಅವನು ಕೇಳುವಷ್ಟು ಹೊತ್ತೂ ಅವಳು ಆಂಪ್ಲಿಯ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದಳು, ಒಂದು ಕೈ ಸೂಜಿಯಲ್ಲಿ, ಒಂದು ಕೈ ಪೆಟ್ಟಿಗೆಯ ಮೇಲೆ.

ಆ ವರ್ಷ ದಸರೆ ಹತ್ತಿರ ಬಂದಾಗ ಅವಳು ದಾರ ಕೇಳಲು ಗಾಳೆವ್ವನ ಮನೆಗೆ ಬಂದಿದ್ದಳು. ನಾನೂ ಅಲ್ಲೇ ಇದ್ದೆ. ಹೋಗಿ ಐದು ನಿಮಿಷಕ್ಕೆ ಬರುತ್ತೇನೆ ಎಂದು ಗಂಡನಿಗೆ ಕೈಸನ್ನೆ ಮಾಡಿ ಬಂದಿದ್ದಳು. ಆಂಪ್ಲಿ ಹಚ್ಚಿಯೇ ಇತ್ತು. ಹಾಗೆ ಬಿಟ್ಟು ಬಂದದ್ದು ಅದೇ ಮೊದಲು. ಬೀದಿಯ ಕಂಬದಲ್ಲಿ ಏನಾಯಿತೋ, ಗಾಳೆವ್ವನ ಮನೆಯ ಬಲ್ಬು ಕಣ್ಣು ಕುಕ್ಕುವಂತೆ ಬೆಳಗಿತು. ಫ್ಯಾನು ಹುಚ್ಚು ಹಿಡಿದಂತೆ ತಿರುಗಿತು. ಬಲ್ಬು ಪಟ್ಟೆಂದು ಸಿಡಿಯಿತು. ಖಾತುನಬಿ ಚಪ್ಪಲಿಯಿಲ್ಲದೆ ಓಡಿದಳು. ನಾನು ಹಿಂದೆ. ಓಣಿಯಲ್ಲಿ ಮನೆಮನೆಯಿಂದ ಜನ ಹೊರಬರುತ್ತಿದ್ದರು. ಎಲ್ಲಿಂದಲೋ ಸುಟ್ಟ ವಾಸನೆ ಬರುತ್ತಿತ್ತು. ಅವಳ ಬಾಯಲ್ಲಿ ಮತ್ತೆ ಗಂಡನ ಹೆಸರು. ಕೇಳಿಸದು ಎಂದು ಗೊತ್ತಿದ್ದೂ ಕೂಗುತ್ತಿದ್ದಳು.

ಅವನು ಪಡಸಾಲೆಯಲ್ಲಿ ಇರಲಿಲ್ಲ. ಓಣಿಯ ತಿರುವಿನಲ್ಲಿ, ಬೇವಿನ ಗಿಡದ ಕೆಳಗೆ, ಕೈಯಿಂದ ಬಿಸಿಲು ಮರೆ ಮಾಡಿಕೊಂಡು ಹೆಂಗಸರ ಮುಖಗಳಲ್ಲಿ ಅವಳನ್ನು ಹುಡುಕುತ್ತ ನಿಂತಿದ್ದ. ಮೇನ್ ಸ್ವಿಚ್ ಕೆಡವಿ, ಪ್ಲಗ್ಗು ಕಿತ್ತು, ಬಾಗಿಲು ಹಾರುಹೊಡೆದು ಬಂದಿದ್ದ. ಅವಳು ಅವನ ಎರಡೂ ತೋಳು ಹಿಡಿದು ಮುಟ್ಟಿ ಮುಟ್ಟಿ ನೋಡಿದಳು. ನಾನು ಇದ್ದೆನೆಂದೋ ಏನೋ, ಅವನು ಕನ್ನಡದಲ್ಲೇ ಹೇಳಿದ.

“ಮಾತ ನಿಂತ್ವು. ಅದಕ್ಕ ನಿನ್ನ ಹುಡುಕ್ಕೊಂತ ಬಂದೆ.”

ಒಳಗೆ ಹೋಗಿ ಅವಳು ಆಂಪ್ಲಿಯ ಮೇಲೆ ಅಂಗೈ ಇಟ್ಟಳು. ಬರೀ ಬೆಚ್ಚಗಿತ್ತು. ಹಿಂದಿನ ಫ್ಯೂಜಿನ ಗಾಜು ಕಪ್ಪಾಗಿತ್ತು. ಸಂಜೆ ಕರೆಂಟಿನವರು ಬಂದು ಸರಿಮಾಡಿ ಹೋದ ಮೇಲೆ ಯಮನೂರಸಾಬ ಕಡ್ಡಿಪೆಟ್ಟಿಗೆ ತೆಗೆದು ಹೊಸ ಫ್ಯೂಜ್ ಹಾಕಿದ. ಅವನು ಹಾಕುವುದನ್ನು ಅವಳು ಹತ್ತಿರ ಬಗ್ಗಿ ನೋಡಿದಳು, ವಾಯರಲ್ಲ, ಗಾಜೇ ಎಂದು ಖಾತ್ರಿಯಾಗುವವರೆಗೆ. ಕರಿದಾದ ಫ್ಯೂಜನ್ನು ಅವಳು ಒಗೆಯಲಿಲ್ಲ. ಹೊಲಿಗೆಯ ಡಬ್ಬಿಯಲ್ಲಿ, ಸೂಜಿಗಳ ಜೊತೆ ಇಟ್ಟಿದ್ದಾಳೆ. ಈಗ ನನ್ನ ಮನೆಗೆ ದಾರ ಕೇಳಲು ಬಂದರೆ ಒಂದು ಗಳಿಗೆ ಕೂಡುತ್ತಾಳೆ. ಗೋಡೆಯಾಚೆ ನಾಟಕದ ಮಾತು ನಡೆದಿರುತ್ತದೆ. ಅವಳ ಕಿವಿ ಅಲ್ಲೇ ಇರುತ್ತದೆ. ಸಿ.ಡಿ. ಮುಗಿದು ಮಾತು ನಿಂತರೆ ಎದ್ದು ಬಾಗಿಲಿಗೆ ಬರುತ್ತಾಳೆ. ಅಷ್ಟರಲ್ಲಿ ಅವನೂ ತನ್ನ ಬಾಗಿಲಿಗೆ ಬಂದು ನಿಂತಿರುತ್ತಾನೆ.